ಎಲ್ಲೆಲ್ಲಿ ನಿಲ್ಲಬೇಕು?

ಕಾವೇರಿಯ ದಡದಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ದೇಚಮ್ಮ ಇದ್ದರು. ಹಿಂದೆ ರ್‍ಯಾಲಿಗಳಲ್ಲಿ ಕಾರು ಓಡಿಸಿ ಹೆಸರು ಮಾಡಿದವರು. ಈಗ, ಮನೆಯ ಕಾರನ್ನೇ ರೇಸ್ ಟ್ರ್ಯಾಕಿಗೆ ಒಯ್ಯುವ ಆಸೆಯುಳ್ಳವರಿಗೆ ಓಡಿಸುವುದನ್ನು ಹೇಳಿಕೊಡುತ್ತಿದ್ದರು. ಶಿಷ್ಯರೆಲ್ಲ ಅವರನ್ನು ದೇಚಕ್ಕ ಅನ್ನುತ್ತಿದ್ದರು.

ಸುಧನ್ವ ಅವರಲ್ಲೊಬ್ಬ. ಮೃದಂಗ ನುಡಿಸುವುದು ಅವನ ಕಸುಬು. ಇದ್ದದ್ದು ಒಂದೇ ಪುಟ್ಟ ಕಾರು. ವಾರವೆಲ್ಲ ಮಗಳನ್ನು ಶಾಲೆಗೆ, ಮೃದಂಗವನ್ನು ಕಛೇರಿಗೆ ಹೊತ್ತೊಯ್ಯುತ್ತಿದ್ದ ಅದೇ ಕಾರು ಭಾನುವಾರ ಟ್ರ್ಯಾಕಿನಲ್ಲಿ ಓಡುತ್ತಿತ್ತು.

ಒಂದು ಭಾನುವಾರ ಅವನು ಸಿಟ್ಟಿನಿಂದ ಶೆಡ್ಡಿಗೆ ಬಂದ. ಕಾರಿನ ಮೈಯೆಲ್ಲ ಮರಳು.

“ಬ್ರೇಕು ಕೈಕೊಟ್ಟಿತು, ದೇಚಕ್ಕ. ತಿರುವಿನ ಹತ್ತಿರ ಕಾಲಿಟ್ಟರೆ ಪೆಡಲ್ ಮೆತ್ತಗೆ ಕೆಳಗಿಳಿದುಹೋಯಿತು. ಕಾರು ಸೀದಾ ಮರಳಿಗೆ ನುಗ್ಗಿತು. ದರಿದ್ರ ಬ್ರೇಕ್ ಪ್ಯಾಡುಗಳು!”

ದೇಚಕ್ಕ ಮುಂದಿನ ಚಕ್ರದ ಹತ್ತಿರ ಕುಳಿತು ಮೂಸಿ ನೋಡಿದರು. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಆ ಪ್ಯಾಡುಗಳ ಸುಟ್ಟ ವಾಸನೆ ಇನ್ನೂ ಇತ್ತು.

“ಅದಕ್ಕೂ ಹಿಂದಿನ ತಿರುವಿನಲ್ಲಿ?”

“ನಿಂತಿತು.”

“ಇಷ್ಟು ವರ್ಷ ಊರಿನಲ್ಲಿ?”

“ನಿಂತಿದೆ. ಅದಕ್ಕೇನೀಗ?”

“ಒಂದು ಸಲವಾದರೂ ಅದನ್ನು ನೆನೆಸಿಕೊಂಡಿದ್ದೆಯಾ?”

ಸುಧನ್ವ ನಕ್ಕುಬಿಟ್ಟ. “ಬ್ರೇಕ್ ಪ್ಯಾಡನ್ನು ಯಾರು ನೆನೆಸಿಕೊಳ್ಳುತ್ತಾರೆ? ಎಲ್ಲಕ್ಕಿಂತ ಒಳ್ಳೆಯ ಪ್ಯಾಡ್ ಯಾವುದು, ಅದನ್ನು ಹೇಳಿ.”

“ನೀನು ಎಲ್ಲೆಲ್ಲಿ ನಿಲ್ಲಬೇಕು, ಅದನ್ನು ಹೇಳು.”

ಅದು ಉತ್ತರವಲ್ಲ ಅಂದುಕೊಂಡ ಸುಧನ್ವ. ಆ ವಾರವೇ ಪೇಟೆಗೆ ಹೋಗಿ ರೇಸ್ ಕಾರುಗಳಿಗೆ ಹಾಕುವ ಪ್ಯಾಡುಗಳನ್ನೇ ಹಾಕಿಸಿಕೊಂಡ.

ಮುಂದಿನ ಭಾನುವಾರ ಅವನ ಖುಷಿಗೆ ಪಾರವೇ ಇರಲಿಲ್ಲ. ಎಷ್ಟು ಸುತ್ತು ಹಾಕಿದರೂ ಪೆಡಲ್ ಸೋಲಲಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ನಿಂತಿದ್ದ ದೇಚಕ್ಕನ ಹತ್ತಿರ ಓಡಿಬಂದ.

“ನೋಡಿದಿರಾ?”

“ನೋಡಿದೆ. ಚೆನ್ನಾಗಿ ಓಡಿಸಿದೆ. ಈಗ ಇವನ್ನು ಬಿಚ್ಚಿ ಹಳೆಯ ತರಹದ್ದನ್ನೇ ಹಾಕಿಕೊಂಡು ಮನೆಗೆ ಹೋಗು. ತಣ್ಣಗಿದ್ದಾಗ ಇವು ಹಿಡಿಯುವುದಿಲ್ಲ.”

“ಸಂಜೆ ಕಛೇರಿ ಇದೆ, ದೇಚಕ್ಕ. ಆಮೇಲೆ ಬದಲಾಯಿಸುತ್ತೇನೆ.”

ಆಮೇಲೆ ಅವನಿಗೆ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜು ಕವಿದಿತ್ತು. ಮಗಳು ಇಂಚರ ಹಿಂದಿನ ಸೀಟಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದಳು. ಶಾಲೆಯ ರಸ್ತೆಯ ಇಳಿಜಾರಿನಲ್ಲಿ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು.

ಸುಧನ್ವ ಬ್ರೇಕ್ ತುಳಿದ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾರು ಮಾತ್ರ ಹೋಗುತ್ತಲೇ ಇತ್ತು.

ಮೈಯ ಬಲವನ್ನೆಲ್ಲ ಕಾಲಿಗೆ ತಂದು ತುಳಿದ. ಹಾರ್ನ್ ಒತ್ತಿದ. ಹೆಂಗಸು ತಿರುಗಿ ನೋಡಿದವಳೇ ಬುಟ್ಟಿ ಎಸೆದು ಹಿಂದಕ್ಕೆ ಜಿಗಿದಳು.

ಕಾರು ಮಲ್ಲಿಗೆಯ ಮೇಲೆ ಹೋಗಿ ನಿಂತಿತು.

ಸುಧನ್ವ ಬಾಗಿಲು ತೆರೆಯುವಷ್ಟರಲ್ಲಿ ಹೆಂಗಸೇ ಎದ್ದು ಬಂದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ಕಿಟಕಿಯೊಳಗೆ ಬಗ್ಗಿ ಅಳುತ್ತಿದ್ದ ಇಂಚರಳನ್ನು ನೋಡಿದಳು.

“ಮಗೀಗೆ ಏನೂ ಆಗ್ಲಿಲ್ಲ ತಾನೇ ಸ್ವಾಮಿ?” ಅಂದಳು.

ಅವನು ಆ ದಿನವೇ ಬಸ್ಸು ಹತ್ತಿ ದೇಚಕ್ಕನ ಶೆಡ್ಡಿಗೆ ಬಂದ. ನಡೆದದ್ದನ್ನೆಲ್ಲ ಹೇಳಿದ.

“ಕಾರು ಮಾರಿಬಿಡುತ್ತೇನೆ. ಇನ್ನು ಟ್ರ್ಯಾಕಿನ ಕಡೆ ತಲೆ ಹಾಕುವುದಿಲ್ಲ. ನೀವು ಹೇಳಿದ್ದಿರಿ. ನಾನು ಕೇಳಲಿಲ್ಲ.”

“ಹೇಳಿದ್ದು ಸಾಲಲಿಲ್ಲ,” ಅಂದರು ದೇಚಕ್ಕ. “ತೋರಿಸಬೇಕಿತ್ತು. ಅದು ನನ್ನ ತಪ್ಪು. ನಡಿ, ಕಾರು ತರೋಣ.”

ಕಾರನ್ನು ಟ್ರಕ್ಕಿನ ಮೇಲೆ ಹೇರಿಸಿ ತಂದರು. ನದಿಯ ಪಕ್ಕದ ಖಾಲಿ ಮೈದಾನದಲ್ಲಿ ಇಳಿಸಿದರು. ದೇಚಕ್ಕ ಸುಣ್ಣದಲ್ಲಿ ಒಂದು ಗೆರೆ ಎಳೆದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದರು. ಗೆರೆಗೆ ಸ್ವಲ್ಪ ಮುಂಚೆ ಬ್ರೇಕ್ ಹಾಕಿದರು. ಕಾರು ಗೆರೆ ದಾಟಿ ಹೋಗಿ ನಿಂತಿತು.

ಆಮೇಲೆ ಮೈದಾನದ ತುಂಬ ಓಡಿಸುತ್ತ, ಮತ್ತೆ ಮತ್ತೆ ಬ್ರೇಕ್ ಹಾಕಿ ಪ್ಯಾಡುಗಳನ್ನು ಬಿಸಿ ಮಾಡಿದರು. ಅಷ್ಟೇ ವೇಗದಲ್ಲಿ ಪುನಃ ಗೆರೆಯ ಕಡೆ ಬಂದು ಅದೇ ಜಾಗದಲ್ಲಿ ಬ್ರೇಕ್ ಹಾಕಿದರು. ಈ ಸಲ ಕಾರು ಗೆರೆಗೆ ಮುಂಚೆಯೇ ಗಕ್ಕನೆ ನಿಂತಿತು.

“ಅದೇ ಪ್ಯಾಡು. ಅದೇ ಕಾಲು,” ಅಂದರು.

ಸುಧನ್ವ ಕಿಟಕಿಯಿಂದ ಬಗ್ಗಿ ಗೆರೆಯನ್ನು ನೋಡಿದ.

“ಹಾಗಾದರೆ ಇದು ಕೆಟ್ಟದ್ದಲ್ಲ.”

“ಅಲ್ಲ.”

“ಮೊದಲಿನದೂ ಕೆಟ್ಟದ್ದಾಗಿರಲಿಲ್ಲ.”

ದೇಚಕ್ಕ ಇಳಿದು ಹೋಗಿ ಜ್ಯಾಕ್ ತಂದರು.

“ದೇಚಕ್ಕ, ನೀವು ಅವತ್ತು ಕೇಳಿದ್ದಿರಲ್ಲ, ಈಗ ಹೇಳುತ್ತೇನೆ. ಶಾಲೆಯ ಗೇಟಿನ ಹತ್ತಿರ ನಿಲ್ಲಬೇಕು. ಮಳೆಯಲ್ಲಿ ನಿಲ್ಲಬೇಕು. ಬೆಳಗಿನ ಚಳಿಯಲ್ಲಿ ಮೊದಲನೇ ಸಲ ಕಾಲಿಟ್ಟಾಗಲೇ ನಿಲ್ಲಬೇಕು. ಭಾನುವಾರ ತಿರುವಿನಲ್ಲೂ ನಿಲ್ಲಬೇಕು.”

“ಒಂದೇ ಪ್ಯಾಡಿನಿಂದ ಎಲ್ಲವನ್ನೂ ಕೇಳಿದರೆ ಟ್ರ್ಯಾಕಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.”

“ಬಿಟ್ಟುಕೊಡುತ್ತೇನೆ.”

ದೇಚಕ್ಕ ವಿಚಾರಿಸಿ ಬೇರೆ ಪ್ಯಾಡುಗಳನ್ನು ತರಿಸಿದರು. ತಣ್ಣಗಿದ್ದಾಗಲೂ ಹಿಡಿಯುವಂಥವು. ಮೊದಲಿನವುಗಳಿಗಿಂತ ಹೆಚ್ಚು ಬಿಸಿ ತಡೆಯುವಂಥವು, ಆದರೆ ರೇಸಿನವುಗಳಷ್ಟಲ್ಲ. ಇಬ್ಬರೂ ಸೇರಿ ಹಾಕಿದರು. ಹಳೆಯ ಬ್ರೇಕ್ ಆಯಿಲ್ ತೆಗೆದು ಹೆಚ್ಚು ಬಿಸಿ ತಡೆಯುವ ಹೊಸ ಆಯಿಲ್ ತುಂಬಿದರು. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಲೆಂದು ಮೈದಾನದಲ್ಲಿ ಹದವಾಗಿ ಬ್ರೇಕ್ ಹಾಕುತ್ತ, ಆರಲು ಬಿಡುತ್ತ, ಕತ್ತಲಾಗುವವರೆಗೂ ಓಡಿಸಿದರು.

ಸುಧನ್ವ ಇಂಚರಳನ್ನು ಕರೆದುಕೊಂಡು ಹೂವಿನ ಹೆಂಗಸನ್ನು ಹುಡುಕಿಕೊಂಡು ಹೋದ. ಅವಳ ಹೆಸರು ಚೆಲುವಾಜಮ್ಮ. ಕ್ಷಮೆ ಕೇಳಲು ಹೋದವನಿಗೆ ಬಾಯಿಂದ ಬಂದದ್ದು ಬೇರೆಯೇ.

“ನೀವು ಜಿಗಿದಿರಿ. ನೀವೇ ನನ್ನನ್ನು ಉಳಿಸಿದಿರಿ, ತಾಯಿ.”

“ಅಯ್ಯೋ, ನಾನು ನನ್ ಜೀವ ಉಳಿಸ್ಕೊಂಡೆ ಕಣಪ್ಪ,” ಅಂದು ಅವಳು ನಕ್ಕಳು. ಇಂಚರಳ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು.

ಮಳೆಗಾಲ ಕಳೆದ ಮೇಲೆ ಅವನು ಮತ್ತೆ ಟ್ರ್ಯಾಕಿಗೆ ಬಂದ. ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ತಿರುವಿನಲ್ಲಿ ಪೆಡಲ್ ಎಂದಿಗಿಂತ ಒಂದಿಷ್ಟು ಕೆಳಗಿಳಿದ ಹಾಗೆ ಕಾಲಿಗೆ ಅನ್ನಿಸಿತು.

ಅವನು ವೇಗ ಇಳಿಸಿದ. ಅವನು ಹಿಂದೆ ಹಾಕಿದ್ದ ಕಾರುಗಳೆಲ್ಲ ಒಂದೊಂದಾಗಿ ಅವನನ್ನು ದಾಟಿದವು. ಬ್ರೇಕ್ ಮುಟ್ಟದೆ, ಗಾಳಿಗೆ ಚಕ್ರಗಳನ್ನು ಆರಿಸುತ್ತ ಒಂದು ಸುತ್ತು ಬಂದು ಹೊರಗೆ ನಿಲ್ಲಿಸಿದ.

ಇಳಿದು, ಬಿಸಿಯಾಗಿದ್ದ ಚಕ್ರದ ಮುಂದೆ ಕುಳಿತ. ಯಾರಾದರೂ ನೋಡುತ್ತಾರೆಂಬ ನಾಚಿಕೆಯೂ ಅವನಿಗಾಗಲಿಲ್ಲ. ಒಳಗಿನ ಪ್ಯಾಡುಗಳಿಗೆ ಕೈಮುಗಿದ. ಎದ್ದಾಗ ದೇಚಕ್ಕ ಪಕ್ಕದಲ್ಲಿ ನಿಂತಿದ್ದರು.

“ಬ್ರೇಕು ಇನ್ನೂ ಎರಡು ಸುತ್ತು ತಡೆಯುತ್ತಿತ್ತೋ ಏನೋ,” ಅಂದ.

“ತಡೆಯುತ್ತಿತ್ತು,” ಅಂದರು ದೇಚಕ್ಕ.

“ಸುಮ್ಮನೆ ಬಿಟ್ಟುಬಂದೆನಾ?”

“ಇಲ್ಲಪ್ಪ. ಮನೆಗೆ ಹೋಗುವ ದಾರಿಯಲ್ಲಿ ಆ ಎರಡು ಸುತ್ತಿನ ಬ್ರೇಕು ರಸ್ತೆ ದಾಟುವ ಯಾರಿಗೋ ಬೇಕಾಗುತ್ತದೆ. ಅವರಿಗೆ ಕೊಟ್ಟುಬಿಡು.”