ಹೊತ್ತು ಮುಳುಗುವಾಗ ಆರಿಸಿದ ದುರ್ಬೀನು

ಕಣ್ಣು ಮಂಜಾಗುತ್ತಿದ್ದ ತಾಯಿ ಚಿರತೆಯೊಂದು ನಡುಮಧ್ಯಾಹ್ನ ಗೂಬೆಯ ಅಂಗಡಿಗೆ ಬಂತು. ಎರಡು ದಿನದಿಂದ ಬೇಟೆ ಸಿಕ್ಕಿರಲಿಲ್ಲ. ಗವಿಯಲ್ಲಿ ಮರಿಗಳು ಹಸಿದಿದ್ದವು.

"ಗೂಬೆಯಣ್ಣ, ಬೆಲೆ ಎಷ್ಟಾದರೂ ಸರಿ, ಎಲ್ಲಕ್ಕಿಂತ ದೂರ ಕಾಣಿಸೋ ದುರ್ಬೀನು ಕೊಡು."

ಗೂಬೆ ಕೊಟ್ಟ ಉದ್ದನೆಯದನ್ನು ಕಣ್ಣಿಗಿಟ್ಟು ಚಿರತೆ ಕುಣಿಯಿತು. "ಆಹಾ, ಮೂರು ಗುಡ್ಡದಾಚೆಯ ಜಿಂಕೆಯ ರೆಪ್ಪೆಯೂ ಕಾಣುತ್ತೆ! ಇದೇ ಇರಲಿ."

ಗೂಬೆ ಆಕಳಿಸಿತು. "ನೀನು ಬೇಟೆಗೆ ಹೊರಡೋದು ಯಾವಾಗ, ತಾಯಿ?"

"ಹೊತ್ತು ಮುಳುಗುವಾಗ."

"ಹಾಗಿದ್ರೆ ಆಗಲೇ ನೋಡಿ ಆರಿಸು. ನಡುಹಗಲಲ್ಲಿ ಎಲ್ಲ ಗಾಜೂ ಶೂರನೇ."

"ಹಗಲುಗುರುಡ ನೀನು, ನನಗೇ ಬುದ್ಧಿ ಹೇಳ್ತೀಯಾ?" ಎಂದು ಚಿರತೆ ಗುರುಗುಟ್ಟಿತು. ಆದರೂ ಮರಿಗಳ ಮುಖ ನೆನಪಾಗಿ ಅಂಗಡಿ ಬಾಗಿಲಲ್ಲೇ ಕಾದು ಕೂತಿತು.

ಸೂರ್ಯ ಇಳಿದ. ಉದ್ದನೆಯ ದುರ್ಬೀನಿನಲ್ಲಿ ಈಗ ಗುಡ್ಡಗಳೆಲ್ಲ ಕಪ್ಪು ಮುದ್ದೆ. ಗೂಬೆ ಗಿಡ್ಡದೊಂದನ್ನು ಮುಂದಿಟ್ಟಿತು. ಅದರ ಗಾಜು ಅಗಲ, ಇದ್ದಷ್ಟು ಬೆಳಕನ್ನೂ ಬಾಚಿಕೊಳ್ಳುವಂಥದ್ದು. ಚಿರತೆಗೆ ಅದರಲ್ಲಿ ಹಳ್ಳದಾಚೆಯ ಪೊದೆ ಕಂಡಿತು, ಪೊದೆಯಡಿ ಎರಡು ಉದ್ದ ಕಿವಿಗಳೂ ಕಂಡವು.

"ಕಟ್ಟಿಕೊಡ್ಲಾ?" ಎಂದು ಗೂಬೆ ಕೇಳುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ಗವಿಯ ಕಡೆಯಿಂದ ಮರಿಗಳು ಊಟಕ್ಕೆ ಕಿತ್ತಾಡುವ ಗದ್ದಲ ಕೇಳಿಬಂತು.