ನಾಲ್ಕು ಮೂಕ ಅಲೆಗಳು

"ಗುರುಗಳೇ, ಕಲ್ಲಪ್ಪಜ್ಜ ಹಾಡಾಂಗಿಲ್ಲ, ಬಾರಸಾಂಗಿಲ್ಲ. ಅವರನ್ನ ಕಾರ್ಯಕ್ರಮಕ್ಕ ಯಾಕ ಕರಕೊಂಡು ಹೋಗಬೇಕ್ರಿ?"

ಕೇಳಿದವನು ಗಾಯನ ಶಾಲೆಯ ಹಿರಿಯ ಶಿಷ್ಯ ರುದ್ರಮುನಿ. ಊರೂರಲ್ಲಿ ಹೆಸರು ಮಾಡಿದ ಕಂಠ ಅವನದು. ಮರುದಿನ ಹೊರಡುವ ಜೀಪಿನಲ್ಲಿ ಒಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ಕಲ್ಲಪ್ಪಜ್ಜನೋ, ದಿನವೂ ಅಭ್ಯಾಸದ ಹೊತ್ತಿಗೆ ಬಂದು ಎದುರಿಗೆ ಕೂರುವ ಮುದುಕ. ಯಾರಾದರೂ ಶ್ರುತಿ ತಪ್ಪಿದರೆ ಹುಬ್ಬೇರಿಸುತ್ತಾನೆ, ಅಷ್ಟೆ. ಗುರುಗಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕತೆಗೆ ಕೂತರು.

ಒಬ್ಬ ಕೀಬೋರ್ಡ್ ವಾದಕನಿದ್ದ. ಅವನ ಬಳಿ ಹಳೇ ಕಾಲದ ಒಂದು ಸಿಂಥಸೈಜರ್ ಪೆಟ್ಟಿಗೆಯಿತ್ತು. ಕರೀ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಬೆರಳಿನಿಂದ ಒತ್ತುವ ಮನೆಗಳಿಲ್ಲ, ಕೀಬೋರ್ಡಿನಿಂದ ವೈರು ಎಳೆದು ನುಡಿಸಬೇಕು. ಅದರೊಳಗೊಂದು ಗಂಟೆಯ ನಾದವಿತ್ತು. ಆ ಒಂದು ಗಂಟೆಯಿಂದಲೇ ಅವನಿಗೆ ಆರ್ಕೆಸ್ಟ್ರಾದಲ್ಲಿ ಸ್ಥಾನ. ಅವನು ಗಂಟೆ ಬಾರಿಸದೆ ಪರದೆ ಏಳುತ್ತಿರಲಿಲ್ಲ.

ಆ ಗಂಟೆಯನ್ನು ಹುಟ್ಟಿಸುತ್ತಿದ್ದುದು ಪೆಟ್ಟಿಗೆಯೊಳಗಿನ ಆರು ಅಲೆಗಳು. ಸುಮ್ಮನಿರಲಾರದ ವಾದಕ ಒಂದು ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಅಲೆಯನ್ನು ಬೇರೆಬೇರೆಯಾಗಿ ಕೇಳಿದ. ಎರಡು ನುಡಿದವು. ನಾಲ್ಕು ಉಸಿರೇ ಎತ್ತಲಿಲ್ಲ. ಹಳೇ ಮಾಲು, ಸತ್ತಿರಬೇಕು ಎಂದುಕೊಂಡ. ದಂಡಪಿಂಡಗಳನ್ನು ಇಟ್ಟುಕೊಂಡು ಏನು ಮಾಡುವುದು? ನಾಲ್ಕರ ಮಟ್ಟವನ್ನೂ ಸೊನ್ನೆಗೆ ಇಳಿಸಿ, ಹಾಗೆಯೇ ಉಳಿಸಿಬಿಟ್ಟ. ಒಮ್ಮೆ ನುಡಿಸಿ ನೋಡಲೂ ಇಲ್ಲ. ಮೂಕರ ಬಾಯಿ ಮುಚ್ಚಿಸಿದ್ದಕ್ಕೆ ಪರೀಕ್ಷೆ ಬೇರೆ ಏಕೆ?

ಸಂಜೆ ರಂಗದ ಮೇಲೆ ಆರ್ಕೆಸ್ಟ್ರಾದ ಯಜಮಾನ ಕೈ ಎತ್ತಿದ. ವಾದಕ ಠೀವಿಯಿಂದ ಬೆರಳು ಒತ್ತಿದ. ಬಂದದ್ದು ಗಂಟೆಯಲ್ಲ, ಸೀಟಿ. ಬಸ್ಸಿನ ಕಂಡಕ್ಟರ್ ಊದಿದಷ್ಟೇ ಚೊಕ್ಕವಾದ ಸೀಟಿ. ಮುಂದಿನ ಸಾಲಿನವರು "ರೈಟ್ ರೈಟ್" ಎಂದು ನಕ್ಕರು. ವಾದಕನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ನಾಳೆ ಗಂಟೆ ಬರದಿದ್ದರೆ ನೀನೂ ಬರಬೇಡ ಎಂದು ಯಜಮಾನ ಹೇಳಿ ಕಳಿಸಿದ.

ಬೆಳಗಾಗುತ್ತಲೇ ಅವನು ಪೆಟ್ಟಿಗೆಯನ್ನೂ ಕೀಬೋರ್ಡನ್ನೂ ಹೆಗಲಿಗೇರಿಸಿಕೊಂಡು, ರೇಡಿಯೊ ರಿಪೇರಿ ಮಾಡುವ ಒಬ್ಬ ಹೆಂಗಸಿನ ಅಂಗಡಿಗೆ ಓಡಿದ. ಅವಳು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಪೆಟ್ಟಿಗೆಯ ಪುಟ್ಟ ಪರದೆಯ ಮೇಲಿನ ನಾಲ್ಕು ಸೊನ್ನೆಗಳನ್ನು ನೋಡಿ, ಇವನ್ನು ಯಾರು ಇಳಿಸಿದ್ದು ಎಂದು ಕೇಳಿದಳು.

"ನಾನ ರೀ ಅಕ್ಕಾರ. ಒಂದೊಂದ ಕೇಳಿ ನೋಡೀನಿ, ನಾಕೂ ಸತ್ತಾವು."

"ಸತ್ತಿಲ್ಲೋ ತಮ್ಮಾ. ಅವು ತಾವು ಹಾಡೂದಿಲ್ಲ, ಹಾಡೂ ಎರಡನ್ನ ಅಲುಗಸ್ತಾವು. ಆ ಅಲುಗಾಟಕ್ಕ ನಾವು ಗಂಟಿ ಅಂತೀವಿ."

ಹಳೆಯ ಮಟ್ಟಗಳು ಎಷ್ಟಿದ್ದವೋ ವಾದಕ ಬರೆದಿಟ್ಟಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಇಬ್ಬರೂ ಕೂತು, ಕಿವಿಯನ್ನೇ ನಂಬಿ, ನಾಲ್ಕನ್ನೂ ಎಳ್ಳೆಳ್ಳಷ್ಟೇ ಏರಿಸುತ್ತ ಹೋದರು. ಒಮ್ಮೆ ತಗಡು ಬಡಿದಂತಾಯಿತು, ಒಮ್ಮೆ ಕುರಿ ಒದರಿದಂತಾಯಿತು. ನಕ್ಕು ನಕ್ಕು ಸುಸ್ತಾದರು. ಇಳಿಹೊತ್ತಿಗೆ ಗಂಟೆ ಬಂತು. ಅಂದಿನ ಆಟಕ್ಕೆ ಪರದೆ ಹೊತ್ತಿಗೆ ಸರಿಯಾಗಿ ಎದ್ದಿತು.

ಗುರುಗಳು ಎಲೆಯನ್ನು ಬಾಯಿಗಿಟ್ಟುಕೊಂಡರು. ರುದ್ರಮುನಿಗೆ ಸೀಟಿಯದೇ ನಗು. ಅಜ್ಜನಿಗೆ ಜೀಪಿನಲ್ಲಿ ಮುಂದಿನ ಸೀಟನ್ನೇ ಬಿಡುವುದಾಗಿ ಒಪ್ಪಿಕೊಂಡ. ಆಮೇಲೆ, ಆ ನುಡಿದ ಎರಡು ಅಲೆಗಳ ಪಾಡು ನೆನೆದು, ತಾವು ಬರೀ ಸೀಟಿ ಎಂಬುದು ಪಾಪ ಅವಕ್ಕೆ ಗೊತ್ತೇ ಇರಲಿಲ್ಲ ಎಂದು ಇನ್ನಷ್ಟು ನಕ್ಕ.

ಗುರುಗಳೂ ನಕ್ಕರು. "ಖರೆ. ನಮ್ಮ ಪೈಕಿ ಎಲ್ಲಾರಕಿಂತ ಕಿವಿಗೆ ಚಲೋ ಕೇಳಸಾಂವ ನೀನ ನೋಡು, ರುದ್ರಮುನಿ."