ತೊಂಬತ್ತೇಳಕ್ಕೆ ಬಂದ ಜ್ವರ

ಒಂದು ಮತ್ತು ತಾನು, ಈ ಇಬ್ಬರನ್ನು ಬಿಟ್ಟು ಬೇರೆ ಯಾರು ಭಾಗಿಸಿದರೂ ಶೇಷ ಉಳಿಸುವ ಅವಿಭಾಜ್ಯರಿಗೆಂದೇ ಒಂದು ಕೋಟೆಯಿತ್ತು. ಒಳಗೆ ಬರುವವರನ್ನು ಎರಡರಿಂದ ತೊಂಬತ್ತೇಳರವರೆಗಿನ ಇಪ್ಪತ್ತೈದು ಅವಿಭಾಜ್ಯ ಹಿರಿಯರು ಒಬ್ಬೊಬ್ಬರಾಗಿ ಭಾಗಿಸಿ ನೋಡುತ್ತಿದ್ದರು. 9991 ಬಂದ ದಿನ ಇಪ್ಪತ್ನಾಲ್ವರು ಭಾಗಿಸಲಾಗದೆ ಸೋತರು. ಕೊನೆಯವನಾದ ತೊಂಬತ್ತೇಳು ಜ್ವರವೆಂದು ಮಲಗಿದ್ದ. "ಇಷ್ಟು ಜನರಿಂದ ಆಗದ್ದು ಅವನೊಬ್ಬನಿಂದ ಆದೀತೇ?" ಎಂದು ಉಳಿದವರು ಬಾಗಿಲು ತೆರೆದರು. ಬರಬರುತ್ತಾ 9991 ಆ ಬಾಗಿಲಿಗೇ ಕಾವಲುಗಾರನಾದ.

ಒಂದು ದಿನ 9989 ಬಂದ. ಹಿರಿಯರಲ್ಲಿ ಏಳು ಭಾಗಿಸಿದಾಗ ಶೇಷವೇ ಉಳಿಯಲಿಲ್ಲ.

"ಸ್ವಾಮಿ, ಹೊರಗೆ ಹೋದರೆ ನನ್ನನ್ನು ಒಡೆದು ಹಂಚಿಕೊಳ್ಳುತ್ತಾರೆ. ನಿಮಗಿಂತ ಎರಡೇ ಎರಡು ಕಡಿಮೆ ನಾನು, ನೆಂಟನೆಂದುಕೊಳ್ಳಿ."

"ಒಡೆದುಹೋಗುವವರ ಜೊತೆ ನನಗೆಂಥ ನೆಂಟಸ್ತಿಕೆ?" ಎಂದು 9991 ಅವನನ್ನು ಹೊರಗೆ ದಬ್ಬಿದ. ಬಯಲಿನಿಂದ ಒಂದು ಕೂಗು ಕೇಳಿ, ನಿಂತುಹೋಯಿತು.

ಆ ಕೂಗಿಗೆ ತೊಂಬತ್ತೇಳು ಕೋಲೂರಿಕೊಂಡು ಬಂದ. "ಅವತ್ತು ನನಗೆ ಜ್ವರ ಇರಲಿಲ್ಲಪ್ಪ," ಎಂದ.

"ಮತ್ತೇಕೆ ಮಲಗಿದ್ದಿರಿ?"

"ನಿನ್ನನ್ನು ಕಂಡ ಕೂಡಲೇ ಗೊತ್ತಾಯಿತು, ನಾನು ಭಾಗಿಸಿದರೆ ನೀನು ಉಳಿಯುವುದಿಲ್ಲ ಅಂತ. ಕರುಳು ಚುರ್ ಎಂದಿತು. ಹೊದ್ದು ಮಲಗಿಬಿಟ್ಟೆ."

9991 ಹಿಂದೆ ಸರಿದ. "ಈಗ ಭಾಗಿಸಲು ಬಂದಿರೇ?"

"ಇಲ್ಲ. ಇವತ್ತು ಏಳಕ್ಕೂ ಜ್ವರ ಬಂದಿದ್ದರೆ ನೀನು ದಬ್ಬಿದವನೂ ಒಳಗಿರುತ್ತಿದ್ದ. ಅಷ್ಟು ಹೇಳಿ ಹೋಗೋಣವೆಂದು ಬಂದೆ."

ಮರುದಿನ ಇನ್ನೊಬ್ಬ ಬಂದು ಪರೀಕ್ಷೆಯಲ್ಲಿ ಸೋತ. ಹಿರಿಯರೆಲ್ಲ ನೋಡುತ್ತಿದ್ದರು. 9991 ಅವನನ್ನು ನಿನ್ನೆಗಿಂತ ಜೋರಾಗಿ ದಬ್ಬಿದ.